ಕಾಕಾನ ಹಳೆ ಲೆನ್ಸು, ನಿಮ್ಮ ಹೊಸ ಕ್ಯಾಮೆರಾ

ವಿಜಯಪುರದಲ್ಲಿ ಫಿಲ್ಮ್ ಕಾಲದಲ್ಲಿ ಫೋಟೊ ಸ್ಟುಡಿಯೊ ನಡೆಸಿದವರ ಮನೆಯ ಅಲಮಾರ ತೆಗೆಸಿ ನೋಡಿ. ಪೆಂಟ್ಯಾಕ್ಸ್ ಕೆ1000, ಯಾಶಿಕಾ ಎಫ್‌ಎಕ್ಸ್-3, ನಿಕಾನ್ ಎಫ್‌ಎಂ10, ಇಲ್ಲವೇ ರಷ್ಯಾದ ಜೆನಿಟ್, ಹೀಗೆ ಏನಾದರೊಂದು ಸಿಗುತ್ತದೆ. ಕ್ಯಾಮೆರಾ ಕೆಟ್ಟಿರಬಹುದು. ಅದರ ಲೆನ್ಸು ಬಹಳ ಸಲ ಚೆನ್ನಾಗಿಯೇ ಇರುತ್ತದೆ. ಅದರಲ್ಲಿ ಮೋಟಾರ್ ಇಲ್ಲ, ಚಿಪ್ ಇಲ್ಲ. ಗಾಜು, ಲೋಹ, ಒಂದಿಷ್ಟು ಗ್ರೀಸ್ ಅಷ್ಟೇ.

ನಾನು ಬಳಸುವುದು ಕಾಕಾನ ಕೆ1000 ಜೊತೆ ಬಂದ 50 ಎಂ.ಎಂ. ಎಫ್/2 ಲೆನ್ಸು. ಅದನ್ನು ಸೋನಿ ಎ6400 ಅನ್ನುವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿಕೊಂಡು ಭಾನುವಾರ ಊರು ಸುತ್ತುತ್ತೇನೆ. ಈಗಿನ ಹುಡುಗರು ಹಿನ್ನೆಲೆ ಸುಳಿ ಸುತ್ತಿದಂತೆ ಕಾಣುತ್ತದೆ ಅಂತ ಹೀಲಿಯೋಸ್ 44-2 ಅನ್ನುವ ರಷ್ಯಾದ ಹಳೆ ಲೆನ್ಸು ಹುಡುಕಿ ಜಾಸ್ತಿ ದುಡ್ಡು ಕೊಡುತ್ತಾರೆ. ಆ ಸುಳಿ ನಾಲ್ಕು ಫೋಟೊಕ್ಕೆ ಚಂದ, ಐದನೆಯದಕ್ಕೆ ಬೇಜಾರು. ಮೊದಲು ಮನೆಯಲ್ಲಿ, ನೆಂಟರಲ್ಲಿ ಏನಿದೆ ನೋಡಿ. ಸಾದಾ 50 ಎಂ.ಎಂ. ಸಿಕ್ಕರೆ ಸಾಕು.

ಸಿಕ್ಕ ಲೆನ್ಸನ್ನು ಮೊಬೈಲ್ ಟಾರ್ಚ್ ಹಿಡಿದು ನೋಡಬೇಕು. ಅಪರ್ಚರ್, ಅಂದರೆ ಬೆಳಕು ಬರುವ ತೂತು (ಎಫ್ ಅಂಕಿ ಹೆಚ್ಚಿದಷ್ಟು ಅದು ಚಿಕ್ಕದು), ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು, ಮುಂದಿನಿಂದ ಓರೆಯಾಗಿ ಕಣ್ಣು ಹಾಯಿಸಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಅಂಚಿನಲ್ಲಿ ಸ್ವಲ್ಪ ಇದ್ದರೆ ಫೋಟೊದಲ್ಲಿ ಗೊತ್ತೇ ಆಗುವುದಿಲ್ಲ. ಗಾಜೆಲ್ಲ ಮಂಜು ಹಿಡಿದಂತಿದ್ದರೆ ಬಿಟ್ಟುಬಿಡಿ. ನಮ್ಮದು ಒಣ ಹವೆ, ಕರಾವಳಿಯಷ್ಟು ಫಂಗಸ್ ಕಾಟ ಇಲ್ಲ. ನಮ್ಮ ಕಡೆಯ ಶತ್ರು ಬೇಸಿಗೆ. ಬಿಸಿಗೆ ಫೋಕಸ್ ರಿಂಗಿನ ಗ್ರೀಸಿನಿಂದ ಎಣ್ಣೆ ಬೇರೆಯಾಗಿ ಒಳಗೆ ಹರಿದು ಅಪರ್ಚರ್ ಎಲೆಗಳಿಗೆ ಅಂಟುತ್ತದೆ. ಎಲೆಗಳ ಮೇಲೆ ಎಣ್ಣೆ ಹೊಳೆಯುತ್ತಿದೆಯಾ, ಅಪರ್ಚರ್ ರಿಂಗ್ ತಿರುಗಿಸಿದ ಕೂಡಲೇ ಅವು ಮುಚ್ಚುತ್ತವಾ ಅಂತ ನೋಡಿ. ಪೆಂಟ್ಯಾಕ್ಸ್ ಕಂಪನಿಯ ಕೆಲವು ಹಳೆ ಸೂಪರ್ ಟಾಕುಮಾರ್ 50 ಎಂ.ಎಂ. ಎಫ್/1.4 ಲೆನ್ಸುಗಳು ಚಹಾದ ಬಣ್ಣಕ್ಕೆ ತಿರುಗಿರುತ್ತವೆ. ಅದು ಕೊಳೆಯಲ್ಲ. ಆ ಗಾಜಿನಲ್ಲಿ ಥೋರಿಯಂ ಇದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ. ಉಜ್ಜಿದರೆ ಹೋಗುವುದಿಲ್ಲ.

ಇನ್ನು ಅಡಾಪ್ಟರ್. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಪ್ರತಿ ಲೆನ್ಸಿಗೂ ಅದು ಕೂರುವ ಜಾಗದಿಂದ ಫಿಲ್ಮಿಗೆ ಇಷ್ಟೇ ದೂರ ಅಂತ ಇರುತ್ತದೆ. ಪೆಂಟ್ಯಾಕ್ಸ್ ಕೆ ಲೆನ್ಸಿಗೆ (ನನ್ನದು ಇದೇ) ಮತ್ತು ತಿರುಪಿ ಕೂರಿಸುವ ಎಂ42 ಸ್ಕ್ರೂ ಲೆನ್ಸಿಗೆ ಅದು 45.46 ಎಂ.ಎಂ., ನಿಕಾನ್ ಎಫ್‌ಗೆ 46.5. ಸೋನಿ ಮಿರರ್‌ಲೆಸ್‌ನಲ್ಲಿ ಸೆನ್ಸರಿಗೆ ದೂರ 18 ಎಂ.ಎಂ. ಮಾತ್ರ. ಪೆಂಟ್ಯಾಕ್ಸ್ ಲೆನ್ಸಿಗೆ ಉಳಿದ ಇಪ್ಪತ್ತೇಳೂವರೆ ಎಂ.ಎಂ. ತುಂಬುವ ಖಾಲಿ ಕೊಳವೆಯೇ ಅಡಾಪ್ಟರ್. ಒಳಗೆ ಗಾಜು ಬೇಡವೇ ಬೇಡ. ಫ್ಯೂಜಿ, ನಿಕಾನ್ ಜಡ್, ಕ್ಯಾನನ್ ಆರ್‌ಎಫ್ ಎಲ್ಲದಕ್ಕೂ ಇದೇ ಲೆಕ್ಕ.

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಕಥೆ ಬೇರೆ. ಕ್ಯಾನನ್ ಡಿಎಸ್‌ಎಲ್‌ಆರ್‌ನ ದೂರ 44 ಎಂ.ಎಂ., ಎಂ42 ಲೆನ್ಸಿಗೆ ತೆಳ್ಳನೆ ರಿಂಗ್ ಸಾಕು. ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 ಹಾಕಿದರೆ ಲೆನ್ಸು ಆಗಲೇ ದೂರ ಹೋಗಿರುತ್ತದೆ, ದೂರದ ವಸ್ತು ಫೋಕಸ್ ಆಗುವುದಿಲ್ಲ. ಅದನ್ನು ಸರಿಮಾಡಲು ಗಾಜಿರುವ ಅಡಾಪ್ಟರ್ ಮಾರುತ್ತಾರೆ. ಅಗ್ಗದ ಗಾಜು ಹಾಕಿ ಒಳ್ಳೆ ಲೆನ್ಸು ಕೆಡಿಸಿದಂತೆ, ನನಗಂತೂ ಬೇಡ. ನಿಕಾನ್ ಇದ್ದವರು ನಿಕಾನಿನ ಹಳೆ ಲೆನ್ಸನ್ನೇ ಹುಡುಕಿ. ಆದರೆ 1977ಕ್ಕಿಂತ ಹಿಂದಿನ, 'ಎಐ' (ನಿಕಾನಿನ ಅಪರ್ಚರ್ ಜೋಡಣೆಯ ಹೆಸರು) ಅಲ್ಲದ ಲೆನ್ಸನ್ನು ಡಿ7000ದಂಥ ಕ್ಯಾಮೆರಾಕ್ಕೆ ಒತ್ತಿ ಕೂರಿಸಬೇಡಿ, ಅಲ್ಲಿನ ಸಣ್ಣ ಕೊಕ್ಕೆ ಮುರಿಯಬಹುದು.

ಎಂ42 ಆಟೊ ಲೆನ್ಸುಗಳ ಹಿಂದೆ ಒಂದು ಸಣ್ಣ ಪಿನ್ ಇರುತ್ತದೆ. ಅದನ್ನು ಒತ್ತಿದರಷ್ಟೇ ಅಪರ್ಚರ್ ಮುಚ್ಚುತ್ತದೆ. ಲೆನ್ಸಿನಲ್ಲಿ ಆಟೊ-ಮ್ಯಾನುಯಲ್ ಸ್ವಿಚ್ ಇದ್ದರೆ ಮ್ಯಾನುಯಲ್‌ಗೆ ಹಾಕಿ. ಇಲ್ಲದಿದ್ದರೆ ಪಿನ್ ಒತ್ತುವ ಅಂಚಿರುವ ಅಡಾಪ್ಟರ್ ಕೇಳಿ ತರಿಸಿ.

ಲೆನ್ಸು ಹಾಕಿದಿರಿ, ಬಟನ್ ಒತ್ತಿದಿರಿ, ಕ್ಯಾಮೆರಾ ಸುಮ್ಮನಿದೆ. ಗಾಬರಿ ಬೇಡ. ಅದಕ್ಕೆ ಲೆನ್ಸು ಇರುವುದೇ ಗೊತ್ತಿಲ್ಲ. ಸೋನಿ ಮೆನುವಿನಲ್ಲಿ 'ರಿಲೀಸ್ ವಿತೌಟ್ ಲೆನ್ಸ್', ಫ್ಯೂಜಿಯಲ್ಲಿ 'ಶೂಟ್ ವಿತೌಟ್ ಲೆನ್ಸ್' ಆನ್ ಮಾಡಿ. ಮೋಡ್ 'ಎ'ಗೆ ಇಡಿ. ಅಪರ್ಚರ್ ನಿಮ್ಮ ಕೈಯಲ್ಲಿ, ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕ್ಯಾಮೆರಾದೊಳಗೆ ಕೈನಡುಕ ತಡೆಯುವ ಸ್ಟೆಬಿಲೈಜರ್ ಇದ್ದರೆ ಲೆನ್ಸು ಎಷ್ಟು ಎಂ.ಎಂ. ಅಂತ ಅದಕ್ಕೆ ಹೇಳಿಕೊಡಿ. ಎ6400ನಲ್ಲಿ ಅದಿಲ್ಲ, ಹಾಗಾಗಿ ನಾನು ಶಟರ್ ವೇಗ 1/100 ಸೆಕೆಂಡಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ.

ಈಗ ಗೋಳಗುಮ್ಮಟಕ್ಕೆ ನಡೆಯಿರಿ. ದೂರದ ಫೋಕಸ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಸಾಕಷ್ಟು ದೂರ ನಿಂತು, ಅಪರ್ಚರ್ ಪೂರ್ತಿ ತೆರೆದು, ಮೂಲೆಯ ಏಳಂತಸ್ತಿನ ಮಿನಾರಿನ ಮೇಲೆ ಪರದೆಯನ್ನು ಜೂಮ್ ಮಾಡಿ. ಫೋಕಸ್ ರಿಂಗನ್ನು ಕೊನೆಯವರೆಗೆ ತಿರುಗಿಸಿ. ಕಿಂಡಿಗಳ ಕಮಾನು ಮಸುಕಾಗಿರುತ್ತದೆ! ರಿಂಗನ್ನು ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ, ಕಲ್ಲಿನ ಅಂಚು ಚಕ್ಕನೆ ಮೂಡುತ್ತದೆ. ಬಹಳಷ್ಟು ಅಡಾಪ್ಟರ್‌ಗಳನ್ನು ಬೇಕಂತಲೇ ಒಂದು ಚೂರು ಗಿಡ್ಡ ಮಾಡಿರುತ್ತಾರೆ. ಉದ್ದವಾದರೆ ದೂರದ್ದು ಸಿಗುವುದೇ ಇಲ್ಲ, ಗಿಡ್ಡವಾದರೆ ರಿಂಗ್ ಆ ಜಾಗ ದಾಟಿ ಇನ್ನೂ ಮುಂದಕ್ಕೆ ತಿರುಗುತ್ತದೆ. ಆದ್ದರಿಂದ ರಿಂಗ್ ಪೂರ್ತಿ ತಿರುಗಿಸಿದರೆ ದೂರದ್ದು ಫೋಕಸ್ ಆಯಿತು ಅನ್ನುವ ಫಿಲ್ಮ್ ಕಾಲದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಲೆನ್ಸಿನ ಮೇಲೆ ಬರೆದ ಮೀಟರ್ ಅಂಕಿಗಳೂ ಸ್ವಲ್ಪ ಜರುಗಿರುತ್ತವೆ. ಸರಿಯಾದ ಜಾಗಕ್ಕೆ ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಡಿ. ಟೇಪ್ ಹಿಡಿದು 4 ಮೀಟರ್ ಅಳೆದು ಅಲ್ಲಿಗೂ ಇನ್ನೊಂದು ಚುಕ್ಕೆ ಇಡಿ. ಈ ಎರಡನೇ ಚುಕ್ಕೆ ಜಾತ್ರೆಗೆ ಬೇಕು.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಧ್ವಜದ ಮೆರವಣಿಗೆ ಬರುವಾಗ ಜೂಮ್ ಮಾಡಿ ಫೋಕಸ್ ಹುಡುಕುತ್ತ ನಿಂತರೆ ಹಿಂದಿನವರು ತಳ್ಳಿಕೊಂಡು ಹೋಗುತ್ತಾರೆ. ಅಪರ್ಚರ್ ಎಫ್/11, ರಿಂಗ್ 4 ಮೀಟರ್ ಚುಕ್ಕೆಗೆ. ಎ6400ದಂಥ ಚಿಕ್ಕ ಸೆನ್ಸರಿನಲ್ಲಿ 50 ಎಂ.ಎಂ. ಲೆನ್ಸಿಗೆ ಹೆಚ್ಚುಕಡಿಮೆ 3ರಿಂದ 6 ಮೀಟರ್ ತನಕ ಎಲ್ಲವೂ ಸ್ಪಷ್ಟ. ಆ ಅಂತರದೊಳಗೆ ಜನ ಬಂದಾಗ ಒತ್ತುತ್ತ ಹೋಗಿ, ರಿಂಗ್ ಮುಟ್ಟಬೇಡಿ. 28 ಎಂ.ಎಂ. ಲೆನ್ಸು ಇದ್ದರೆ ಇನ್ನೂ ಸುಲಭ. ಎಫ್/8ರಲ್ಲಿ 5 ಮೀಟರಿಗೆ ಇಟ್ಟರೆ ಎರಡೂವರೆ ಮೀಟರಿನಿಂದ ಆಚೆ ಎಲ್ಲವೂ ಬರುತ್ತದೆ. ಎಲ್ಲಿಂದ ಎಲ್ಲಿಯ ತನಕ ಸ್ಪಷ್ಟ ಅಂತ ತೋರಿಸುವ ಲೆನ್ಸಿನ ಮೇಲಿನ ಗೆರೆಗಳನ್ನೇ ನಂಬುವವರಿಗೆ ಒಂದು ಮಾತು: ಅವು 35 ಎಂ.ಎಂ. ಫಿಲ್ಮಿಗೆ ಹಾಕಿದ ಗೆರೆ. ಚಿಕ್ಕ ಸೆನ್ಸರಿನಲ್ಲಿ ಎಫ್/11 ಇಟ್ಟಾಗ ಎಫ್/8ರ ಗೆರೆ ನೋಡಿ.

ಜಾತ್ರೆಯ ದನಗಳ ಹತ್ತಿರ ಮಾತ್ರ ಈ ಉಪಾಯ ಬೇಡ. ಕಿಲಾರಿ ಹೋರಿಯ ಮುಖವನ್ನು ಒಂದು ಮೀಟರ್ ದೂರದಿಂದ ಎಫ್/2ರಲ್ಲಿ ತೆಗೆದರೆ ಸ್ಪಷ್ಟವಾಗುವುದು ಮೂರು ಸೆಂಟಿಮೀಟರ್ ಆಸುಪಾಸು. ಕಣ್ಣು ಬಂದರೆ ಮೂಗು ಬರುವುದಿಲ್ಲ. ಫೋಕಸ್ ಪೀಕಿಂಗ್‌ನ (ಫೋಕಸ್ ಆದ ಅಂಚಿಗೆ ಕ್ಯಾಮೆರಾ ಪರದೆಯಲ್ಲಿ ತೋರಿಸುವ) ಬಣ್ಣದ ಗೆರೆ ನಂಬಿದರೆ ಹುಬ್ಬು, ರೆಪ್ಪೆ, ಹಗ್ಗ ಎಲ್ಲ ಮಿನುಗುತ್ತವೆ. ಜೂಮ್ ಮಾಡಿ, ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಹಿಡಿಯಿರಿ. ಆಮೇಲೆ ರಿಂಗ್ ಬಿಟ್ಟು ನೀವೇ ಒಂದಿಷ್ಟು ಹಿಂದೆಮುಂದೆ ವಾಲಿ, ಮೂರ್ನಾಲ್ಕು ಫೋಟೊ ಹೊಡೆಯಿರಿ. 'ಸರೀರಿ, ಹಾಯ್ತದ ಅದು' ಅಂತ ಮಾಲೀಕರು ಕೂಗಿದರೆ ಫೋಟೊ ಬಿಟ್ಟು ಸರಿಯುವುದು ಒಳ್ಳೆಯದು.

ಹಳೆ ಲೆನ್ಸುಗಳ ಕೋಟಿಂಗ್, ಅಂದರೆ ಗಾಜಿನ ಮೇಲೆ ಬೆಳಕು ಪ್ರತಿಫಲಿಸದಂತೆ ಬಳಿದ ಪದರ, ಈಗಿನಷ್ಟು ಒಳ್ಳೆಯದಲ್ಲ. ಸಂಜೆ ಬಾರಾಕಮಾನಿನ ಕಮಾನುಗಳ ಸಂದಿನಿಂದ ಸೂರ್ಯ ನೇರ ಬಿದ್ದರೆ ಫೋಟೊವೆಲ್ಲ ಬೆಳ್ಳಗೆ ಕಳೆಗುಂದುತ್ತದೆ. ಕೆಲವರಿಗೆ ಅದೇ ಇಷ್ಟ. ಬೇಡ ಅಂದರೆ ಸ್ಕ್ರೂ ಹುಡ್ ಹಾಕಿ. ನನ್ನ ಲೆನ್ಸಿಗೆ 49 ಎಂ.ಎಂ. ಅಳತೆಯದು. ಎಫ್/4ಕ್ಕೆ ಇಳಿಸಿದರೆ ಅಂಚಿನ ಮಸುಕೂ ಬಹಳ ಕಡಿಮೆಯಾಗುತ್ತದೆ. ಇಬ್ರಾಹಿಂ ರೋಜಾದ ಗೋಡೆಯ ಕೆತ್ತನೆ ತೆಗೆಯುವಾಗ ನಾನು ಅಪರ್ಚರನ್ನು ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ.

ಫೋಟೊದ ಮಾಹಿತಿಯಲ್ಲಿ ಲೆನ್ಸಿನ ಹೆಸರಾಗಲಿ ಅಪರ್ಚರ್ ಆಗಲಿ ದಾಖಲಾಗುವುದಿಲ್ಲ. ಬೇಕಾದವರು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಲೆನ್ಸು ಬದಲಿಸುವಾಗ ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಎರೆಹೊಲದ ಗಾಳಿ ಬೀಸುವ ದಿನ ಬಯಲಿನಲ್ಲಿ ಬದಲಿಸಲೇಬೇಡಿ. ಸೆನ್ಸರ್ ಮೇಲೆ ಕೂತ ಧೂಳು ಎಫ್/11ರಲ್ಲಿ ಆಕಾಶದ ತುಂಬ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.