ಕ್ರೂಸರೋ ಸ್ಪೋರ್ಟ್ ಟೂರರೋ: ನನಗೆ ಉತ್ತರ ಕೊಟ್ಟಿದ್ದು ಕಾಲು

ದೊಡ್ಡ ಬೈಕು ತೆಗೆದುಕೊಳ್ಳುವುದು ಖಾಯಂ ಆದಮೇಲೆ ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದು ಎರಡು ಗಾಡಿ. ಒಂದು ಯಮಹಾ ಎಫ್‌ಜೆಆರ್ 1300, ಇನ್ನೊಂದು ಹಾರ್ಲೆ-ಡೇವಿಡ್‌ಸನ್ ಹೆರಿಟೇಜ್ ಕ್ಲಾಸಿಕ್. ಮೊದಲನೆಯದು ಸ್ಪೋರ್ಟ್ ಟೂರರ್, ಅಂದರೆ ವೇಗವಾಗಿ, ತಿರುವಿನಲ್ಲೂ ಚುರುಕಾಗಿ ದೂರ ಓಡುವ ಜಾತಿ. ಎರಡನೆಯದು ಕ್ರೂಸರ್, ಅಂದರೆ ತಗ್ಗಾಗಿ ಕೂತು, ಕಾಲು ಮುಂದೆ ಚಾಚಿ ಆರಾಮವಾಗಿ ಓಡಿಸುವ ಜಾತಿ. ಎರಡೂ ಸೆಕೆಂಡ್ ಹ್ಯಾಂಡ್. ಎರಡರ ಪಕ್ಕದಲ್ಲೂ ಬೀಗ ಹಾಕುವ ಪೆಟ್ಟಿಗೆ ಇದೆ, ಎರಡಕ್ಕೂ ವಿಂಡ್‌ಶೀಲ್ಡ್ ಇದೆ, ಎರಡನ್ನೂ ದೂರದ ಪ್ರಯಾಣಕ್ಕೇ ಮಾಡಿದ್ದಾರೆ. ಆದರೆ ಮಾಡಿದವರ ಯೋಚನೆ ಮಾತ್ರ ಪೂರ್ತಿ ಬೇರೆ ಬೇರೆ.

ಮೊದಲು ಎಲ್ಲರ ಹಾಗೆ ನಾನೂ ಅಂಕಿ ಹಿಡಿದು ಕೂತೆ. ಎಫ್‌ಜೆಆರ್‌ನಲ್ಲಿ ಸಾಲಾಗಿ ನಿಂತ ನಾಲ್ಕು ಸಿಲಿಂಡರ್, 1298 ಸಿಸಿ, ಪೆಟ್ರೋಲ್ ಸೇರಿ ತೂಕ ಸುಮಾರು 290 ಕೆ.ಜಿ. ಹೆರಿಟೇಜ್‌ನಲ್ಲಿ 45 ಡಿಗ್ರಿಯಲ್ಲಿ ಕೂತ ಎರಡೇ ದೊಡ್ಡ ಸಿಲಿಂಡರ್, 1746 ಸಿಸಿ, ತೂಕ ಸುಮಾರು 330 ಕೆ.ಜಿ. ಪವರ್ ನೋಡಿದರೆ ಯಮಹಾ ಎಷ್ಟೋ ಮುಂದೆ. ಆದರೆ ಅದರ ಟಾರ್ಕ್, ಅಂದರೆ ಎಂಜಿನ್ ತಿರುಚುವ ಬಲ, ತುದಿ ಮುಟ್ಟುವುದು 7000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 7000 ಸುತ್ತು ತಿರುಗುವಾಗ. ಹಾರ್ಲೆಯದು 3000ದ ಆಸುಪಾಸಿನಲ್ಲೇ ಸಿಕ್ಕಿಬಿಡುತ್ತದೆ. ದಿನವಿಡೀ ಓಡಿಸುವಾಗ 7000ಕ್ಕೆ ಯಾರು ಏರಿಸುತ್ತಾರೆ, ಅಲ್ವಾ? ಹಾಗಾಗಿ ಕಾಗದದ ಮೇಲೆ ಹಾರ್ಲೆಯೇ ಗೆದ್ದಿತ್ತು. ಮನಸ್ಸಿನಲ್ಲೂ ಅದೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಎರಡೂ ಮಾದರಿಯ ಗಾಡಿಯನ್ನು ಬಾಡಿಗೆಗೆ ತಂದು ಬೆಳಗಿನಿಂದ ಸಂಜೆವರೆಗೆ ಓಡಿಸಿದೆ. ಹದಿನೈದು ನಿಮಿಷದ ಟೆಸ್ಟ್ ರೈಡ್ ಈ ವರ್ಗದ ಬೈಕಿಗೆ ಸಾಲುವುದೇ ಇಲ್ಲ. ಅಷ್ಟು ಹೊತ್ತಿನಲ್ಲಿ ಯಾವ ಸೀಟಾದರೂ ಸುಖವಾಗಿಯೇ ಇರುತ್ತದೆ. ಗಾಡಿಯ ನಿಜ ಬಣ್ಣ ಗೊತ್ತಾಗುವುದು ಎರಡು ಗಂಟೆ ಆದಮೇಲೆ. ಎರಡೂ ದಿನ ಒಂದೇ ರಸ್ತೆ ಹಿಡಿದೆ: ಸ್ವಲ್ಪ ನೇರ ಹೆದ್ದಾರಿ, ಸ್ವಲ್ಪ ಬೆಟ್ಟದ ತಿರುವು, ಕೊನೆಗೆ ಗುಂಡಿ ಬಿದ್ದ ಡಾಂಬರು. ನಾನು ವಾಸ್ತವದಲ್ಲಿ ಓಡಾಡುವುದು ಇಂಥ ಕಡೆಯೇ.

ಹೆದ್ದಾರಿಯಲ್ಲಿ ಹಾರ್ಲೆ ರಾಜ. ನೂರು ಕಿಲೋಮೀಟರ್ ವೇಗದಲ್ಲಿ ಆರನೇ ಗೇರಿನಲ್ಲಿ ಎಂಜಿನ್ ಎರಡು ಸಾವಿರ ಚಿಲ್ಲರೆ ಆರ್‌ಪಿಎಂನಲ್ಲಿ ಗುಡುಗುಡು ಅನ್ನುತ್ತಾ ಹೋಗುತ್ತದೆ. ಎಪ್ಪತ್ತರಲ್ಲೂ ಅದಕ್ಕೆ ಖುಷಿ, ಓಡಿಸುವವರಿಗೂ ಖುಷಿ. ಕಾಲು ಮುಂದೆ ಚಾಚಿ, ಅಗಲವಾದ ಫುಟ್‌ಬೋರ್ಡ್ ಮೇಲೆ ಪಾದವನ್ನು ಹಿಂದೆ ಮುಂದೆ ಸರಿಸುತ್ತಾ ಕೂರಬಹುದು. ಮಂಡಿಗೆ ಇದಕ್ಕಿಂತ ಆರಾಮ ಬೇಕಿಲ್ಲ. ಎಫ್‌ಜೆಆರ್‌ನಲ್ಲಿ ಮಂಡಿ ಮಡಚಿಯೇ ಇರಬೇಕು. ಎರಡು ಗಂಟೆ ಕಳೆದರೆ ಅದು ಬಿಡಿಸು ಅನ್ನುತ್ತದೆ. ಜೊತೆಗೆ ಎಪ್ಪತ್ತರಲ್ಲಿ ಹೋದರೆ ಆ ಗಾಡಿಗೆ ಬೇಜಾರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಕೈಯನ್ನು ಎಳೆಯುತ್ತಲೇ ಇರುತ್ತದೆ. ವೇಗದ ಮಿತಿ ದಾಟುವ ಚಪಲ ಇರುವವರು ಇದನ್ನು ಸುಮ್ನೆ ತಮಾಷೆ ಅಂದುಕೊಳ್ಳಬೇಡಿ.

ಗುಂಡಿಯ ರಸ್ತೆ ಬಂದಾಗ ಲೆಕ್ಕ ತಲೆಕೆಳಗಾಯಿತು.

ಕಾಲು ಮುಂದೆ ಇದ್ದರೆ ಮೈಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ. ಗುಂಡಿ ಕಂಡಾಗ ಸೀಟಿನಿಂದ ಒಂದಿಂಚು ಏಳೋಣ ಅಂದರೂ ಆಗುವುದಿಲ್ಲ. ಏಳಬೇಕಾದರೆ ಪಾದ ಸೊಂಟದ ಕೆಳಗಿರಬೇಕು. ಕುರ್ಚಿಯಲ್ಲಿ ಕೂತು, ಕಾಲು ಮುಂದಕ್ಕೆ ಚಾಚಿ, ಏನನ್ನೂ ಹಿಡಿಯದೆ ಎದ್ದು ನೋಡಿ, ಗೊತ್ತಾಗುತ್ತದೆ. ಹಾರ್ಲೆಯಲ್ಲಿ ಏಳಬೇಕಾದರೆ ಹ್ಯಾಂಡಲ್ ಹಿಡಿದು ಎಳೆಯಬೇಕು. ಗುಂಡಿಯಲ್ಲಿ ಮಾಡಲೇಬಾರದ ಕೆಲಸ ಅದು. ಎಫ್‌ಜೆಆರ್‌ನಲ್ಲಿ ಪಾದ ಹೆಚ್ಚುಕಡಿಮೆ ಮೈಯ ಕೆಳಗೇ ಇರುತ್ತದೆ. ಫುಟ್‌ಪೆಗ್ ಮೇಲೆ ಸ್ವಲ್ಪ ಭಾರ ಹಾಕಿದರೆ ಸಾಕು, ಮೈ ಹಗುರಾಗಿ ಏಳುತ್ತದೆ, ಹೊಡೆತವನ್ನು ಮಂಡಿ ಮತ್ತು ತೊಡೆ ನುಂಗುತ್ತವೆ. ಎಫ್‌ಜೆಆರ್‌ನ ಹಿಂದಿನ ಚಕ್ರ ಮೇಲೆ ಕೆಳಗೆ 125 ಮಿ.ಮೀ. ಆಡುತ್ತದೆ, ಹಾರ್ಲೆಯದು ಅದಕ್ಕಿಂತ ಕಡಿಮೆ. ಆದರೆ ಆ ಸಣ್ಣ ವ್ಯತ್ಯಾಸಕ್ಕಿಂತ ನನ್ನ ಕಾಲೇ ದೊಡ್ಡ ಶಾಕ್ ಅಬ್ಸಾರ್ಬರ್ ಅಂತ ಅವತ್ತು ಅರ್ಥವಾಯಿತು. ಮೊದಲೇ ಸೊಂಟ ನೋವು ಇರುವವರು ಸಿಸಿ, ಟಾರ್ಕ್ ಎಲ್ಲ ಆಮೇಲೆ ನೋಡಿ. ಮೊದಲು ಪಾದ ಎಲ್ಲಿ ಬರುತ್ತದೆ ನೋಡಿ.

ತಿರುವಿನಲ್ಲೂ ವ್ಯತ್ಯಾಸ ಜೋರಾಗಿಯೇ ಇತ್ತು. ಹೆರಿಟೇಜ್ ಸುಮಾರು 27 ಡಿಗ್ರಿ ವಾಲಿದರೆ ಫುಟ್‌ಬೋರ್ಡ್ ರಸ್ತೆಗೆ ಉಜ್ಜುತ್ತದೆ. ಲೆಕ್ಕ ಹಾಕಿದರೆ, 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅಷ್ಟು ವಾಲಿಕೆಗೆ ಸಿಗುವ ವೇಗ ಗಂಟೆಗೆ ಸುಮಾರು 57 ಕಿ.ಮೀ. ಅದೇ ತಿರುವಿನಲ್ಲಿ 40 ಡಿಗ್ರಿ ವಾಲಿಸಲು ಆದರೆ 73 ಕಿ.ಮೀ. ನನಗೆ 73ರಲ್ಲಿ ತಿರುಗಿಸುವ ಆಸೆ ಇಲ್ಲ. ಆದರೆ 55ರಲ್ಲಿ ಒಳಗೆ ಹೋದಮೇಲೆ ತಿರುವು ಇನ್ನೂ ಬಿಗಿಯಾಗುತ್ತಾ ಹೋದರೆ? ಆಗ ಇನ್ನಷ್ಟು ವಾಲಿಸುವುದಕ್ಕೆ ಜಾಗ ಉಳಿದಿರಬೇಕು. ಹಾರ್ಲೆಯಲ್ಲಿ ಆ ಜಾಗ ಬೇಗ ಮುಗಿಯುತ್ತದೆ. ಫುಟ್‌ಬೋರ್ಡ್ ಮಡಚಿಕೊಳ್ಳುತ್ತದೆ ನಿಜ, ಅದು ಎಚ್ಚರಿಕೆಯೂ ಹೌದು. ಅದರ ನಂತರ ತಗಲುವ ಗಟ್ಟಿ ಲೋಹ ಮಾತ್ರ ಮಡಚುವುದಿಲ್ಲ. ಕ್ರೂಸರ್‌ನಲ್ಲಿ ಬೆಟ್ಟ ಹತ್ತುವವರು ತಿರುವಿಗೆ ಮೊದಲೇ ವೇಗ ಇಳಿಸುವ ಅಭ್ಯಾಸ ಮಾಡಿಕೊಂಡರೆ ತೊಂದರೆ ಏನಿಲ್ಲ. ನನ್ನ ಸ್ನೇಹಿತನೊಬ್ಬ ವರ್ಷಗಳಿಂದ ಹಾಗೇ ಓಡಿಸುತ್ತಾನೆ, ನನಗಿಂತ ಚೆನ್ನಾಗಿ.

ನಿಧಾನದ ಓಡಾಟದಲ್ಲಿ ಮತ್ತೆ ಹಾರ್ಲೆಗೆ ನಂಬರು. ನಲವತ್ತು ಕೆ.ಜಿ. ಜಾಸ್ತಿ ಇದ್ದರೂ ಅದೇ ಹಗುರ ಅನ್ನಿಸುತ್ತದೆ. ಯಾಕೆಂದರೆ ಭಾರವೆಲ್ಲ ಕೆಳಗಿದೆ, ಸೀಟಿನ ಎತ್ತರ ಸುಮಾರು 680 ಮಿ.ಮೀ., ಎರಡೂ ಪಾದ ನೆಲದ ಮೇಲೆ ಪೂರ್ತಿ ಕೂರುತ್ತವೆ. ಎಫ್‌ಜೆಆರ್ ಸೀಟು ತಗ್ಗಿಸಿಟ್ಟರೂ 805. ಅದರ ಟ್ಯಾಂಕು 25 ಲೀಟರ್, ತುಂಬಿಸಿದರೆ ಹದಿನೆಂಟು ಕೆ.ಜಿ.ಗೂ ಮೇಲೆ, ಅದೂ ಗಾಡಿಯ ನೆತ್ತಿಯ ಮೇಲೆ. ಟ್ಯಾಂಕು ತುಂಬಿದಾಗ ತಲೆಯ ಮೇಲೆ ಕೊಡ ಹೊತ್ತು ನಡೆದ ಹಾಗೆ ಹುಷಾರಾಗಿರಬೇಕು. ಅದಕ್ಕೇ ಹೇಳುವುದು, ಇಂಥ ಗಾಡಿ ನೋಡಲು ಹೋದಾಗ ಟ್ಯಾಂಕು ತುಂಬಿಸಿಯೇ ಓಡಿಸಿ. ಎಂಜಿನ್ ಆಫ್ ಮಾಡಿ, ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳಿ ನೋಡಿ. ಅದು ಆಗಲಿಲ್ಲ ಅಂದರೆ ಪಾರ್ಕಿಂಗ್ ಜಾಗದಲ್ಲಿ ದಿನಾ ಒದ್ದಾಟ.

ಗಾಳಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವಿಂಡ್‌ಶೀಲ್ಡ್ ಎಷ್ಟು ದೊಡ್ಡದು ಅನ್ನುವುದು ಮುಖ್ಯವಲ್ಲ, ಅದರ ಅಂಚಿನಿಂದ ಹಾರಿದ ಗಾಳಿ ಎಲ್ಲಿ ಬಡಿಯುತ್ತದೆ ಅನ್ನುವುದು ಮುಖ್ಯ. ಹೆಲ್ಮೆಟ್‌ಗೆ ಬಡಿದರೆ ಒಂದು ಗಂಟೆಯಲ್ಲಿ ತಲೆನೋವು. ನೇರ ಖಾಲಿ ರಸ್ತೆಯಲ್ಲಿ ಎಡಗೈಯನ್ನು ನಿಧಾನವಾಗಿ ಹಣೆಯ ಮಟ್ಟಕ್ಕೆ ಎತ್ತಿದರೆ ಗಾಳಿಯ ಗೆರೆ ಎಲ್ಲಿದೆ ಅಂತ ತಿಳಿಯುತ್ತದೆ. ಎಫ್‌ಜೆಆರ್‌ನದು ಮೋಟಾರಿನಿಂದ ಏರಿಳಿಯುತ್ತದೆ, ಆ ಗೆರೆಯನ್ನು ಬೇಕಾದ ಕಡೆಗೆ ಸರಿಸಬಹುದು. ಪೂರ್ತಿ ಏರಿಸಿದರೆ ಹಿಂದಿನಿಂದ ಯಾರೋ ಬೆನ್ನು ತಳ್ಳಿದ ಹಾಗೆ ಆಗುತ್ತದೆ. ಹಾಗಾಗಿ ಅರ್ಧಕ್ಕಿಂತ ಮೇಲೆ ನಾನು ಏರಿಸುವುದು ಮಳೆಯಲ್ಲಿ ಮಾತ್ರ.

ನನ್ನ ಹೆಂಡತಿ ಎರಡೂ ಗಾಡಿಯಲ್ಲಿ ಹಿಂದೆ ಕೂತಳು. ಹೆರಿಟೇಜ್‌ನ ಹಿಂದಿನ ಸೀಟು ಚಿಕ್ಕದು, ಬೆನ್ನಿಗೆ ಆಸರೆ ಇರಲಿಲ್ಲ, ಅದನ್ನು ಬೇರೆಯಾಗಿ ಹಾಕಿಸಬೇಕು. "ಅದರಲ್ಲಿ ನಿಮ್ಮ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ ರೀ. ಇದರಲ್ಲಿ ರಸ್ತೆನಾದ್ರೂ ಕಾಣುತ್ತೆ" ಅಂದಳು. ಎಫ್‌ಜೆಆರ್‌ನ ಹಿಂದಿನ ಸೀಟು ಮುಂದಿನದಕ್ಕಿಂತ ಎತ್ತರ, ಅದಕ್ಕೆ. ಅವಳು ಕೂತಾಗ ಹಿಂದಿನ ಸಸ್ಪೆನ್ಷನ್ ಗಟ್ಟಿ ಮಾಡುವುದಕ್ಕೆ ಒಂದು ಲಿವರ್ ತಿರುಗಿಸಿದರೆ ಆಯಿತು, ಸ್ಪ್ಯಾನರ್ ಬೇಡ. ಇಬ್ಬರು ಹೋಗುವವರು ಗಾಡಿಯ ಒಟ್ಟು ತೂಕದ ಮಿತಿ ಎಷ್ಟು ಅಂತ ನೋಡಿ, ಅದರಲ್ಲಿ ಗಾಡಿಯ ತೂಕ ಕಳೆಯಿರಿ. ಉಳಿದಿದ್ದರಲ್ಲಿ ಇಬ್ಬರ ಮೈ, ಜಾಕೆಟ್, ಹೆಲ್ಮೆಟ್, ಪೆಟ್ಟಿಗೆಯ ಸಾಮಾನು ಎಲ್ಲ ಹಿಡಿಯಬೇಕು. ಭಾರಿ ಗಾಡಿ ಅಂದರೆ ಭಾರ ಜಾಸ್ತಿ ಹೊರುತ್ತದೆ ಅಂತೇನಿಲ್ಲ.

ರಿಪೇರಿ, ಸರ್ವಿಸ್ ನನ್ನ ಮಟ್ಟಿಗೆ ಸರಿಸಮ. ಹಿಂದಿನ ಚಕ್ರ ತಿರುಗಿಸುವುದಕ್ಕೆ ಎಫ್‌ಜೆಆರ್‌ನಲ್ಲಿ ಶಾಫ್ಟು, ಹಾರ್ಲೆಯಲ್ಲಿ ಬೆಲ್ಟು, ಚೈನಿಗೆ ಎಣ್ಣೆ ಹಾಕುವ ಕೆಲಸ ಎರಡರಲ್ಲೂ ಇಲ್ಲ. ಹಾರ್ಲೆಯಲ್ಲಿ ವಾಲ್ವಿನ ಸಂದನ್ನು ಎಣ್ಣೆಯ ಒತ್ತಡದಿಂದ ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರುವುದರಿಂದ ವಾಲ್ವ್ ಹೊಂದಿಸುವ ಗೋಜಿಲ್ಲ. ಎಫ್‌ಜೆಆರ್‌ನಲ್ಲಿ ಸುಮಾರು 42,000 ಕಿ.ಮೀ.ಗೊಮ್ಮೆ ಬಿಚ್ಚಿ ನೋಡಬೇಕು, ದುಬಾರಿ ಕೆಲಸ. ಬಿಸಿ ಎರಡರಲ್ಲೂ ಇದೆ. ಹಾರ್ಲೆಯ ಹಿಂದಿನ ಸಿಲಿಂಡರ್ ತೊಡೆಯ ಕೆಳಗೇ ಕೂತಿದೆ. ಟ್ರಾಫಿಕ್‌ನಲ್ಲಿ ನಿಂತಾಗ ಆ ಸಿಲಿಂಡರ್ ಉರಿಯುವುದನ್ನೇ ನಿಲ್ಲಿಸುವ ವ್ಯವಸ್ಥೆ ಇಟ್ಟಿದ್ದಾರೆ ಅಂದರೆ ಬಿಸಿ ಎಷ್ಟಿರಬೇಕು, ನೀವೇ ಊಹಿಸಿ.

ಕೊನೆಗೆ ಎಫ್‌ಜೆಆರ್ ತಂದೆ. ನನ್ನ ರಸ್ತೆಗಳು ನೇರವಾಗಿ, ನುಣ್ಣಗೆ ಇದ್ದಿದ್ದರೆ ಖಂಡಿತ ಹಾರ್ಲೆಯೇ ಬರುತ್ತಿತ್ತು. ತಂದ ಮೇಲೆ ಮೊದಲು ಮಾಡಿದ್ದು ಹ್ಯಾಂಡಲ್ ಕೆಳಗೆ ಎತ್ತರಿಸುವ ತುಂಡು ಹಾಕಿಸಿ ಅದನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ತಂದಿದ್ದು. ಮಣಿಕಟ್ಟಿನ ಮೇಲಿನ ಭಾರ ಇಳಿಯಿತು. ಮಂಡಿಗೆ ಮಾತ್ರ ದಾರಿ ಸಿಕ್ಕಿಲ್ಲ, ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯುತ್ತೇನೆ. ಇನ್ನೊಂದು ಸಣ್ಣ ಕೊರಗು: ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಎಂಜಿನ್ ಮೂರು ಸಾವಿರ ಚಿಲ್ಲರೆಯಲ್ಲಿ ತಿರುಗುತ್ತದೆ, ಮೇಲೆ ಇನ್ನೊಂದು ಗೇರು ಇರಬೇಕಿತ್ತು ಅನ್ನಿಸುತ್ತದೆ. ಯಮಹಾ 2016ರ ಮಾದರಿಯಿಂದ ಆರನೇ ಗೇರು ಕೊಟ್ಟಿತು. ನನ್ನದು ಅದಕ್ಕಿಂತ ಹಳೆಯದು.