ಕ್ಯಾರವಾನ್ ಟ್ಯಾಂಕಿಗೆ ನೀರಿನ ಜಿಪುಣತನ ಬೇಡ

ಕ್ಯಾರವಾನ್ ಕೊಂಡವರು ಮಡಚುವ ಹಾಸಿಗೆ, ಒಲೆ, ಫ್ರಿಜ್ ಎಲ್ಲವನ್ನೂ ಕರೆದು ತೋರಿಸುತ್ತಾರೆ. ಗಾಡಿಯ ಹೊಟ್ಟೆಯಲ್ಲಿರುವ ಕೊಳೆ ಟ್ಯಾಂಕನ್ನು ಯಾರೂ ತೋರಿಸುವುದಿಲ್ಲ. ವಾಸನೆ ಹೊಡೆದಾಗಲೇ ಅದರ ನೆನಪು. ತಂಗಿ ಮಗನ ಗಾಡಿ ತೀರ್ಥಹಳ್ಳಿ ಹತ್ತಿರದ ನಮ್ಮ ಅಂಗಳದಲ್ಲೇ ಜಾಸ್ತಿ ದಿನ ನಿಂತಿರುವುದರಿಂದ ಅದರ ಉಸ್ತುವಾರಿ ನನ್ನ ತಲೆಗೆ ಬಂದಿದೆ. ಮನೆಯ ಸೆಪ್ಟಿಕ್ ಟ್ಯಾಂಕ್ ನೋಡಿಕೊಂಡವಳಿಗೆ ಇದೇನು ದೊಡ್ಡ ವಿದ್ಯೆಯಲ್ಲ ಬಿಡಿ.

ಟಾಯ್ಲೆಟ್ಟಿನದ್ದು ಹೋಗುವುದು ಬ್ಲ್ಯಾಕ್ ಟ್ಯಾಂಕಿಗೆ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಗ್ರೇ ಟ್ಯಾಂಕಿಗೆ. ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಯಾವತ್ತೂ ಮುಚ್ಚಿಯೇ ಇರಬೇಕು. ಹೇಗೂ ಪೈಪು ಹಾಕಿದ್ದೇವಲ್ಲ ಅಂತ ತೆರೆದಿಟ್ಟರೆ ನೀರು ಮಾತ್ರ ಹರಿದು ಹೋಗಿ, ಗಟ್ಟಿಯೆಲ್ಲ ಕಮೋಡಿನ ಕೆಳಗೆ ಹುತ್ತದ ಹಾಗೆ ಬೆಳೆಯುತ್ತದೆ. ಒಣಗಿತೋ, ಆಮೇಲೆ ಅದನ್ನು ಕರಗಿಸುವುದು ಸಾಕುಸಾಕಾಗುತ್ತದೆ. ಮುಕ್ಕಾಲು ಭಾಗ ತುಂಬಲಿ, ಒಂದೇ ಸಲ ಬಿಡಿ. ಆ ರಭಸಕ್ಕೆ ಎಲ್ಲ ಎಳೆದುಕೊಂಡು ಹೋಗುತ್ತದೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಹಿಂದಿನಿಂದ ಬರುವ ಸೋಪು ನೀರು ಪೈಪನ್ನೂ ತೊಳೆದುಕೊಡುತ್ತದೆ.

ಖಾಲಿ ಮಾಡಿದ ಮೇಲೆ ಟ್ಯಾಂಕನ್ನು ಒಣಗಲು ಬಿಟ್ಟು ಹೊರಡಬೇಡಿ. ಒಂದು ಬಕೆಟ್ ನೀರು ಸುರಿದೇ ಹೊರಡಿ. ತಳದಲ್ಲಿ ನೀರಿದ್ದರೆ ಯಾವುದೂ ಅಂಟುವುದಿಲ್ಲ. ಕುಡಿಯುವ ನೀರಿನ ಟ್ಯಾಂಕ್ ಚಿಕ್ಕದು ಅಂತ ಫ್ಲಶ್‌ಗೆ ಒಂದು ಚೊಂಬು ನೀರು ಹಾಕಿ ಸುಮ್ಮನಾಗುವವರೇ ಜಾಸ್ತಿ. ಅಲ್ಲೇ ತೊಂದರೆ ಶುರು. ನಮ್ಮ ಮಲೆನಾಡಿನ ಮಳೆಯಲ್ಲಿ ನೀರಿಗೇನು ಬರ? ಸೂರಿನ ಕೆಳಗೆ ಒಂದು ಬಕೆಟ್ ಇಟ್ಟರೆ ಫ್ಲಶ್‌ಗೆ ಬೇಕಾದಷ್ಟು ಸಿಗುತ್ತದೆ. ಪೇಪರ್ ಬಳಸುವವರಿದ್ದರೆ ಎರಡು ಚೂರು ನೀರಿನ ಬಾಟಲಿಗೆ ಹಾಕಿ ಅಲುಗಾಡಿಸಿ ನೋಡಿ. ಹಿಂಜಿ ಕರಗಿದರೆ ಸರಿ, ಹಾಗೇ ಉಳಿದರೆ ಟ್ಯಾಂಕಿನಲ್ಲೂ ಹಾಗೇ ಉಳಿಯುತ್ತದೆ. ಟ್ಯಾಂಕ್ ಖಾಲಿಯಿದ್ದರೂ ಮೀಟರ್ ತುಂಬಿದೆ ಅಂತ ತೋರಿಸುವುದು ಬಹಳ ಸಲ ಇದೇ ಪೇಪರ್ ಸೆನ್ಸರಿಗೆ ಅಂಟಿಕೊಂಡು.

ವಾಸನೆಗೆ ಫಿನಾಯಿಲ್, ಆಸಿಡ್ ಸುರಿಯುವುದು ನಮ್ಮವರ ಅಭ್ಯಾಸ. ಬೇಡ. ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ, ವಾಲ್ವಿನ ರಬ್ಬರೂ ಹಾಳಾಗುತ್ತದೆ. ಅದರಲ್ಲೂ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಒಟ್ಟಿಗೆ ಸೇರಲೇಬಾರದು, ಕ್ಲೋರಿನ್ ವಿಷಗಾಳಿ ಏಳುತ್ತದೆ. ಬೆಲ್ಲ, ಈಸ್ಟ್ ಹಾಕಿ ಅಂತ ಮೊಬೈಲಿನಲ್ಲಿ ಬರುವುದನ್ನೂ ನಂಬಬೇಡಿ. ಬೇಕಾದ ಬ್ಯಾಕ್ಟೀರಿಯಾ ಅದರೊಳಗೇ ಇರುತ್ತವೆ. ಅವಕ್ಕೆ ಬೇಕಿರುವುದು ನೀರು.

ವಾಸನೆ ಬಂದರೆ ಮೊದಲು ಗಾಡಿಯ ತಲೆ ಮೇಲಿನ ಗಾಳಿ ಪೈಪ್ ನೋಡಿ. ನಮ್ಮ ಗಾಡಿಯದ್ದರಲ್ಲಿ ಕುಂಬಾರ ಹುಳ ಮಣ್ಣು ತಂದು ಅಚ್ಚುಕಟ್ಟಾಗಿ ಗೂಡು ಕಟ್ಟಿತ್ತು, ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಕೆರೆದು ತೆಗೆದು ಸೊಳ್ಳೆ ಜಾಲರಿ ಕಟ್ಟಿದೆ, ವಾಸನೆ ನಿಂತಿತು. ಇನ್ನೊಂದು, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರುವಾಗ ಫ್ಲಶ್ ಮಾಡಬೇಡಿ. ಟ್ಯಾಂಕಿನ ಗಾಳಿಯನ್ನೇ ಅದು ಒಳಗೆ ಎಳೆಯುತ್ತದೆ. ಬೇಸಿಗೆಯಲ್ಲಿ ಗಾಡಿ ನಿಂತಿದ್ದರೆ ಸಿಂಕಿನ ಕೆಳಗಿನ ಬಾಗಿದ ಪೈಪಿನ ನೀರು ಆರಿ ಹೋಗಿರುತ್ತದೆ. ಒಂದು ಚೊಂಬು ನೀರು ಹಾಕಿದರೆ ಮುಗಿಯಿತು.

ಗ್ರೇ ಟ್ಯಾಂಕ್ ಬರೀ ನೀರಲ್ವಾ ಅಂತ ಸಲೀಸಾಗಿ ಬಿಡಬೇಡಿ. ಎಣ್ಣೆ ಜಿಡ್ಡು, ಅನ್ನದ ಅಗಳು, ತೆಂಗಿನ ತುರಿ ಸೇರಿ ಕೊಳೆತರೆ ಆ ನಾತ ಇನ್ನೂ ಜೋರು. ತಟ್ಟೆ, ಬಾಣಲೆಯನ್ನು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಬೂದಿ, ತೆಂಗಿನ ನಾರಿನಲ್ಲಿ ಪಾತ್ರೆ ತಿಕ್ಕುವುದು ನನಗೂ ಇಷ್ಟವೇ, ಆದರೆ ಗಾಡಿಯಲ್ಲಿ ಬೇಡ. ಬೂದಿ ತಳದಲ್ಲಿ ಕೆಸರಾಗಿ ಕೂರುತ್ತದೆ.

ತುಂಬಿದ ಟ್ಯಾಂಕ್ ಇಟ್ಟುಕೊಂಡು ಆಗುಂಬೆ ಘಾಟಿ ಇಳಿಯಬೇಡಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಭಾರ, ನೂರು ಲೀಟರಿಗೆ ಲೆಕ್ಕ ಹಾಕಿಕೊಳ್ಳಿ. ಖಾಲಿ ಮಾಡಿದ ಟ್ಯಾಂಕಿಗೆ ಕಾಲು ಭಾಗ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿಕೊಂಡು ಹೊರಡುವುದಾದರೆ ಮಾತ್ರ ಆ ತಿರುವುಗಳೇ ಒಳಗೆಲ್ಲ ಕುಲುಕಿ ತೊಳೆದುಕೊಡುತ್ತವೆ.

ಈಗ ಮುಖ್ಯ ವಿಷಯ. ಎಲ್ಲಿ ಖಾಲಿ ಮಾಡುವುದು? ರಸ್ತೆ ಪಕ್ಕದ ಚರಂಡಿಗೆ, ಕಾಡಿಗೆ, ಹಳ್ಳಕ್ಕೆ ಖಂಡಿತಾ ಬೇಡ. ಇಲ್ಲಿ ಎಷ್ಟೋ ಮನೆಗಳು ಕುಡಿಯುವುದು ತೆರೆದ ಬಾವಿ ನೀರು, ಇಲ್ಲವೇ ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು. ಹಳ್ಳದ ನೀರು ಹೋಗಿ ಸೇರುವುದು ತುಂಗೆಯನ್ನು, ಶಿವಮೊಗ್ಗ ಪೇಟೆಯವರು ಕುಡಿಯುವುದೂ ಅದನ್ನೇ. ಹೋಂಸ್ಟೇಯವರನ್ನು ಮೊದಲೇ ಕೇಳಿ, ಅವರು ಒಪ್ಪಿದರೆ ಸೆಪ್ಟಿಕ್ ಟ್ಯಾಂಕಿಗೆ ನಿಧಾನವಾಗಿ ಬಿಡಿ. ಇಲ್ಲಿ ಮಾತ್ರ ರಭಸ ಬೇಡ, ವಾಲ್ವನ್ನು ತಡೆದು ತಡೆದು ತೆರೆಯಿರಿ. ಒಮ್ಮೆಲೇ ನುಗ್ಗಿದರೆ ತಳದ ಕೆಸರು ಕದಡಿ ಇಂಗುಗುಂಡಿಗೆ ಹೋಗಿ ಅದು ಕಟ್ಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುವ ಟ್ಯಾಂಕ್ ಔಷಧಿ ಹಾಕಿದ್ದರೆ ಮನೆ ಗುಂಡಿಗೆ ಬಿಡಲೇಬೇಡಿ. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಇಂಗುಗುಂಡಿಯೇ ಮುಳುಗಿರುತ್ತದೆ, ಆಗ ಬೇರೆಯವರ ಮನೆಯಲ್ಲಿ ಕೇಳುವುದೂ ಸರಿಯಲ್ಲ. ಸಕ್ಕಿಂಗ್ ಗಾಡಿಯವರಿಗೆ ಹೇಳಿ ಕಳಿಸಿ. ಗುಂಡಿ ಕಟ್ಟಿಕೊಂಡಿದೆ ಅಂತ ಆಳನ್ನು ಒಳಗೆ ಇಳಿಸುವವರು ಇನ್ನೂ ಇದ್ದಾರೆ. ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾನೂನಿನಲ್ಲಿ ಅದು ಅಪರಾಧ. ಒಳಗಿನ ಗಾಳಿ ಒಂದೆರಡು ಉಸಿರಿನಲ್ಲೇ ಜೀವ ತೆಗೆಯಬಹುದು.

ಖಾಲಿ ಮಾಡುವಾಗ ಕೈಗೆ ರಬ್ಬರ್ ಗ್ಲೌಸ್ ಇರಲಿ. ಟ್ಯಾಂಕ್ ತೊಳೆಯುವ ಪೈಪು ಬೇರೆ, ಕುಡಿಯುವ ನೀರು ತುಂಬುವ ಪೈಪು ಬೇರೆ. ಬಣ್ಣ ಬೇರೆಯಿದ್ದರೆ ಗೊಂದಲವಿಲ್ಲ, ಇಡುವ ಜಾಗವೂ ಬೇರೆಯಿರಲಿ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮುಂಚೆ ತಿಳಿ ನೀರು ಬರುವ ತನಕ ತೊಳೆದು, ಪೂರ್ತಿ ಖಾಲಿ ಮಾಡಿ, ವಾಲ್ವಿನ ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿ. ಗ್ಯಾರೇಜಿನ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.