ಮಕ್ಕಳ ಕೈಗೆ 25 ಸಾವಿರ ಕೊಟ್ಟು ನೋಡಿದೆವು

ನಮ್ಮ ಕಡೆಯ ಮಕ್ಕಳಿಗೆ ಕೊಡುವುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ತಿಪಟೂರು ಸೀಮೆಯ ಹಳ್ಳಿಗಳಲ್ಲಿ ಕಣ ಮುಗಿದ ಮೇಲೆ ಸಿದ್ಧಗಂಗೆ ಮಠಕ್ಕೆ ಇಷ್ಟು ರಾಗಿ, ಇಷ್ಟು ಕಾಯಿ ಅಂತ ಎತ್ತಿಡುವ ಮನೆಗಳು ಈಗಲೂ ಇವೆ. ಜಾತ್ರೆಗೆ ಪಟ್ಟಿ ಎತ್ತಲು ಬಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಎಲ್ಲೋ ನೆರೆ ಬಂತು ಅಂತ ಸ್ಕೂಲಲ್ಲಿ ಹತ್ತು ರೂಪಾಯಿ ಕೇಳಿದರೆ ಮರುದಿನವೇ ತಂದು ಕೊಡುತ್ತಾರೆ. ಆದರೆ ಆ ಹತ್ತು ರೂಪಾಯಿ ಎಲ್ಲಿಗೆ ಹೋಯಿತು, ಏನಾಯಿತು ಅಂತ ಒಬ್ಬರೂ ಕೇಳುವುದಿಲ್ಲ. ಕೊಟ್ಟ ಮೇಲೆ ಕೇಳುವುದು ಸಣ್ಣತನ ಅನ್ನುವುದು ನಮ್ಮಲ್ಲಿ ಬೇರೂರಿಬಿಟ್ಟಿದೆ.

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಸಾಲದ ಅರ್ಜಿ ನೋಡಿ ನೋಡಿ ಕಣ್ಣು ಸವೆಸಿದ್ದೇನೆ. ಸಾಲ ಕೊಡುವಾಗ ಅಷ್ಟೊಂದು ವಿಚಾರಿಸುವ ನಾವು ದಾನ ಕೊಡುವಾಗ ಕಣ್ಣು ಮುಚ್ಚಿಕೊಳ್ಳುತ್ತೇವಲ್ಲ, ಇದನ್ನು ಮಕ್ಕಳಿಂದಲೇ ಸರಿಮಾಡಿಸಬಹುದಾ ಅನ್ನುವ ಯೋಚನೆ ತುಂಬಾ ದಿನದಿಂದ ಇತ್ತು.

ದಾರಿ ತೋರಿಸಿದ್ದು ಅಮೆರಿಕದ ಮಿಶಿಗನ್‌ನಲ್ಲಿರುವ ನನ್ನ ತಂಗಿಯ ಮಗಳು. ಹೈಸ್ಕೂಲಿನಲ್ಲಿದ್ದಾಗ ಅವಳು ಅಲ್ಲಿನ ಸಮುದಾಯ ನಿಧಿಯೊಂದರ, ಅಂದರೆ ದಾನಿಗಳ ದುಡ್ಡು ಕೂಡಿಟ್ಟು ಊರಿನ ಕೆಲಸಗಳಿಗೆ ಕೊಡುವ ಸಂಸ್ಥೆಯೊಂದರ, ಯುವ ಸಮಿತಿಯಲ್ಲಿದ್ದಳು. ಕಾರ್ನ್‌ಫ್ಲೇಕ್ಸ್‌ನಿಂದ ಹೆಸರಾದ ಕೆಲ್ಲಾಗ್ 1930ರಲ್ಲಿ ಬ್ಯಾಟಲ್ ಕ್ರೀಕ್ ಎಂಬ ಊರಿನಲ್ಲಿ ಒಂದು ಪ್ರತಿಷ್ಠಾನ ಕಟ್ಟಿದ್ದರು. 1980ರ ದಶಕದ ಕೊನೆಯಲ್ಲಿ ಆ ಪ್ರತಿಷ್ಠಾನ ಮಿಶಿಗನ್‌ನ ಊರೂರಿನ ನಿಧಿಗಳಿಗೆ ಹಣ ಕೊಡಲು ಮುಂದಾಯಿತು, ಜೊತೆಗೆ ಒಂದು ಷರತ್ತು ಹಾಕಿತು. ಹಣದ ಒಂದು ಪಾಲನ್ನು ಯಾರಿಗೆ ಕೊಡಬೇಕು ಅಂತ ಊರಿನ ಹುಡುಗ ಹುಡುಗಿಯರೇ ಕೂತು ತೀರ್ಮಾನಿಸಬೇಕು. ಈಗ ಆ ರಾಜ್ಯದಲ್ಲಿ ಇಂಥ ಎಂಬತ್ತಕ್ಕೂ ಹೆಚ್ಚು ಯುವ ಸಮಿತಿಗಳಿವೆ. 'ಮಾವ, ದೊಡ್ಡವರು ಬರೀ ಕಾಫಿ ತಂದು ಕೊಡ್ತಾರೆ, ಮಾತಾಡೋ ಹಾಗಿಲ್ಲ' ಅಂದಿದ್ದಳು. ನನಗೆ ಹಿಡಿಸಿದ್ದು ಅದೇ.

ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿ ಸಂಘದವರ ಮುಂದೆ ವಿಷಯ ಇಟ್ಟೆ: ದುಡ್ಡು ಸಂಘ ಕೊಡಲಿ, ಊರಿನಲ್ಲಿ ಅದು ಯಾರಿಗೆ ಹೋಗಬೇಕು ಅಂತ ಸ್ಕೂಲಿನ ಮಕ್ಕಳ ಸಮಿತಿಯೇ ಅರ್ಜಿ ಕರೆದು ತೀರ್ಮಾನಿಸಲಿ. ವರ್ಷಕ್ಕೆ 25 ಸಾವಿರ, ಒಂದು ಅರ್ಜಿಗೆ ಹೆಚ್ಚೆಂದರೆ 5 ಸಾವಿರ. ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕಿನಲ್ಲಿ ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು ನಿಜ. ಆದರೆ ಸಮಿತಿಯ ದುಡ್ಡನ್ನು ಹಾಗೆ ಒಬ್ಬರ ಖಾತೆಯಲ್ಲಿ ಇಡಲಾಗುವುದಿಲ್ಲ. ಹಾಗಾಗಿ ದುಡ್ಡು ಸಂಘದ ಖಾತೆಯಲ್ಲೇ ಇರುತ್ತದೆ, ಚೆಕ್ಕಿಗೆ ಇಬ್ಬರು ದೊಡ್ಡವರು ಸಹಿ ಹಾಕುತ್ತಾರೆ. ಮಕ್ಕಳು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡದ ಹೊರತು ಚೆಕ್ ಹೊರಡುವುದಿಲ್ಲ. ಒಬ್ಬರು, 'ಹುಡುಗರು ಐಸ್‌ಕ್ರೀಮಿಗೆ ಬರೆದುಬಿಟ್ರೆ?' ಅಂತ ತಮಾಷೆ ಮಾಡಿದರು. ಬರೆಯಲಿಲ್ಲ. ಬದಲಿಗೆ ನಮಗಿಂತ ಜಿಪುಣರಾದರು.

ಸಮಿತಿಗೆ 8 ಮತ್ತು 9ನೇ ಕ್ಲಾಸಿನವರು ಮಾತ್ರ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಮುಟ್ಟಿದರೆ ಅಪ್ಪ ಅಮ್ಮ ಬಿಡುವುದಿಲ್ಲ. ಕ್ಲಾಸಿಗೆ ಫಸ್ಟ್ ಬರುವವರನ್ನೇ ಕಳಿಸುತ್ತೇವೆ ಅಂದರು ಮೇಷ್ಟ್ರು. ಬೇಡ ಅಂದೆ. ಹಿಂದಿನ ಬೆಂಚಿನವರು, ಹಾಸ್ಟೆಲ್ ಮಕ್ಕಳು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವವರು ಎಲ್ಲ ಇರಬೇಕು. ಯಾವ ಮನೆಯಲ್ಲಿ ಏನು ಕಷ್ಟ ಅಂತ ಗೊತ್ತಿರುವುದು ಅವರಿಗೇ.

ಮೊದಲ ಸಭೆಯಲ್ಲಿ ನಾನು ಪಾಠ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಏನು ಕೊಡ್ತೀರಿ ಅಂತ ಕೇಳುತ್ತೇನೆ. ಮಠದ ರಾಗಿ ಬರುತ್ತದೆ, ಅಜ್ಜಿ ಎತ್ತಿಡುವ ಮುಷ್ಟಿ ಅಕ್ಕಿ ಬರುತ್ತದೆ, ಮಸೀದಿಯ ಜಕಾತ್ ಬರುತ್ತದೆ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ಸುತ್ತಿ ಸಾವಿರಾರು ಮಕ್ಕಳಿಗೆ ಊಟ, ಓದು ಕೊಟ್ಟ ಕತೆ ಎಲ್ಲರಿಗೂ ಗೊತ್ತು. ಆಮೇಲೆ ಹರೇಕಳ ಹಾಜಬ್ಬನವರ ವಿಷಯ ಹೇಳುತ್ತೇನೆ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದವರು, ತಾವು ಸ್ಕೂಲಿನ ಮುಖ ನೋಡದವರು, ತಮ್ಮ ಊರಿಗೆ ಒಂದು ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಒಬ್ಬ ಹುಡುಗ ಕೈ ಎತ್ತಿ, 'ಸಾರ್, ಕಿತ್ತಳೆ ಮಾರೋರು ಸ್ಕೂಲ್ ಕಟ್ತೀನಿ ಅಂತ ನಮ್ಮ ಹತ್ರ ದುಡ್ಡು ಕೇಳಕ್ ಬಂದಿದ್ರೆ ನಾವು ಕೊಡ್ತಿದ್ವಾ?' ಅಂದ. ಸಭೆ ಅಲ್ಲಿಂದ ಶುರುವಾಯಿತು ಅನ್ನಿ.

ಅರ್ಜಿ ಕರೆಯುವುದು ಸುಲಭ ಅಲ್ಲ. ಅರ್ಧ ಹಾಳೆಯ ಫಾರಂ ಮಾಡಿ ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಪಂಚಾಯಿತಿ ಗ್ರಂಥಾಲಯದಲ್ಲಿ ಅಂಟಿಸುತ್ತೇವೆ. ಏನು ಬೇಕು, ಎಷ್ಟಾಗುತ್ತದೆ, ತಂದ ಮೇಲೆ ಯಾರು ನೋಡಿಕೊಳ್ಳುತ್ತಾರೆ. ಇಷ್ಟೇ ಪ್ರಶ್ನೆ. ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು, ಮಕ್ಕಳೇ ಬರೆದುಕೊಳ್ಳುತ್ತಾರೆ. ಈ ಒಂದು ಅನುಕೂಲ ಮಾಡದಿದ್ದರೆ ಚೆಂದ ಬರೆಯುವವರಿಗೇ ದುಡ್ಡು ಹೋಗುತ್ತದೆ. ಬ್ಯಾಂಕಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಇಡೀ ಕೆಲಸದಲ್ಲಿ ಮಕ್ಕಳು ಹೆಚ್ಚು ಕಲಿಯುವುದು ಹೋಗಿ ನೋಡಿದಾಗ. ಒಂದು ಅಂಗನವಾಡಿಯಿಂದ ಜೋಕಾಲಿ ಬೇಕು ಅಂತ ಅರ್ಜಿ ಬಂದಿತ್ತು. ಮಕ್ಕಳಿಗೆ ಬಲು ಇಷ್ಟವಾಗಿ ಹತ್ತಕ್ಕೆ ಒಂಬತ್ತು ಅಂಕ ಹಾಕಿಬಿಟ್ಟಿದ್ದರು. ಹೋಗಿ ನೋಡಿದರೆ ಅಂಗಳದಲ್ಲಿ ಜೋಕಾಲಿ ನಿಲ್ಲಿಸಲು ಜಾಗವೇ ಇಲ್ಲ. ಒಳಗೆ ಒಲೆಯ ಮೇಲೆ ಕುಕ್ಕರ್ ಬುಸುಗುಡುತ್ತಿದೆ, ಮುಚ್ಚಳದ ಸುತ್ತ ಹಳೇ ಬಟ್ಟೆ ಸುತ್ತಿದೆ, ವಿಶಲ್ ಮಾತ್ರ ಕೂಗುತ್ತಿಲ್ಲ. ನಮ್ಮ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮನೆಯಲ್ಲಿ ತಾನೇ ಅಡುಗೆ ಮಾಡುವವಳು. ಕಂಡ ಕೂಡಲೇ, 'ಮಿಸ್, ಗ್ಯಾಸ್ಕೆಟ್ ಹೋಗಿದೆ ಅಲ್ವಾ? ಅನ್ನ ಆಗಕ್ಕೆ ಎಷ್ಟೊತ್ತು ಬೇಕು?' ಅಂತ ಕೇಳಿದಳು. ಗ್ಯಾಸ್ಕೆಟ್ ಅಷ್ಟೇ ಅಲ್ಲ, ಮುಚ್ಚಳವೇ ಸೊಟ್ಟಗಾಗಿದೆಯಂತೆ. ಸಿಲಿಂಡರ್ ತಿಂಗಳ ಕೊನೆಯವರೆಗೆ ಬರುತ್ತಿಲ್ಲ. ಗರ್ಭಿಣಿಯರ ಊಟವೂ ಅದೇ ಒಲೆಯ ಮೇಲೆ.

'ಹಾಗಾದ್ರೆ ಕುಕ್ಕರೇ ಕೇಳಬಹುದಿತ್ತಲ್ಲ ಮಿಸ್?'

ಆಕೆ ನಕ್ಕು, 'ಕುಕ್ಕರ್ ಯಾರ್ ಕೊಡ್ತಾರಮ್ಮ? ಜೋಕಾಲಿ ಆದ್ರೆ ಮಕ್ಳು ಆಡೋದು ಫೋಟೋ ಚೆನ್ನಾಗ್ ಬರುತ್ತೆ. ಕೊಡೋರಿಗೆ ಅದು ಇಷ್ಟ' ಅಂದರು.

ವಾಪಸ್ ಬರುವಾಗ ಯಾರೂ ಜಾಸ್ತಿ ಮಾತಾಡಲಿಲ್ಲ. ಮುಂದಿನ ಸಭೆಯಲ್ಲಿ ಆ ಹುಡುಗಿಯೇ ಫಾರಂಗೆ ಒಂದು ಸಾಲು ಸೇರಿಸಿದಳು: 'ಯಾರೂ ಕೊಡುವುದಿಲ್ಲ ಅಂತ ನೀವು ಕೇಳದೇ ಬಿಟ್ಟಿದ್ದು ಏನಾದರೂ ಇದೆಯಾ?' ನಾನು ಸರ್ವಿಸ್ ಉದ್ದಕ್ಕೂ ನೋಡಿದ ಯಾವ ಫಾರಂನಲ್ಲೂ ಇಷ್ಟು ಒಳ್ಳೆ ಪ್ರಶ್ನೆ ಇರಲಿಲ್ಲ. ಅಂಗನವಾಡಿಗೆ ದೊಡ್ಡ ಕುಕ್ಕರ್ ಮತ್ತು ಕಿಟಕಿಗೆ ಸೊಳ್ಳೆ ಜಾಲರಿ ಹೋಯಿತು. ಫೋಟೋ ತೆಗೆಯಬಾರದು ಅಂತಲೂ ಅವತ್ತೇ ತೀರ್ಮಾನವಾಯಿತು. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಯ ಹೆಸರು ಅಷ್ಟುದ್ದ ಬರೆದು ಬೆಳಕೇ ಅರ್ಧ ಆಗಿರುವುದನ್ನು ದಿನಾ ನೋಡುವ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ತೀರ್ಮಾನದ ಸಭೆ ಗದ್ದಲದ್ದು. ಅಂಕ ಹಾಕಿ ಕೂಡಿಸಿದರೆ ಮುಗಿಯಿತು ಅಂದುಕೊಂಡು ಬರುತ್ತಾರೆ. ಮುಗಿಯುವುದಿಲ್ಲ. ಒಂದೇ ಅಂಕ ಬಂದ ಎರಡು ಅರ್ಜಿ ಎದುರಿಗಿರುತ್ತವೆ: ವಾಲಿಬಾಲ್ ನೆಟ್ಟು, ಮುದುಕಿಯೊಬ್ಬರ ಮನೆಗೆ ಶೌಚಾಲಯದ ಬಾಗಿಲು. ಬಾಗಿಲು ಒಬ್ಬರಿಗೆ, ನೆಟ್ಟು ಇಪ್ಪತ್ತು ಜನಕ್ಕೆ ಅಂತ ಒಂದು ಗುಂಪು. ನೆಟ್ಟಿಲ್ಲದಿದ್ದರೆ ಹಗ್ಗ ಕಟ್ಟಿ ಆಡಬಹುದು, ಬಾಗಿಲಿಲ್ಲದಿದ್ದರೆ ಅಜ್ಜಿ ಏನು ಮಾಡಬೇಕು ಅಂತ ಇನ್ನೊಂದು ಗುಂಪು. ಬಾಗಿಲು ಗೆದ್ದಿತು. ಸೋತವರಲ್ಲಿ ಒಬ್ಬ ವಾರವಿಡೀ ನನ್ನ ಜೊತೆ ಮಾತು ಬಿಟ್ಟಿದ್ದ, ನಾನು ಬಾಯಿ ತೆರೆಯದಿದ್ದರೂ!

ಒಬ್ಬ ಹುಡುಗನ ಅತ್ತೆ ಇದ್ದ ಸ್ತ್ರೀಶಕ್ತಿ ಸಂಘದಿಂದ ಒಮ್ಮೆ ಅರ್ಜಿ ಬಂತು. ಅವನೇ ಎದ್ದು, 'ನಮ್ ಅತ್ತೆ ಇದಾರೆ, ನಾನು ಹೊರಗಿರ್ತೀನಿ' ಅಂದ. ಅದೇ ನಿಯಮವಾಯಿತು. ನಿಜ ಹೇಳಬೇಕೆಂದರೆ ಈ ನಿಯಮ ಊರಿನ ಎಷ್ಟೋ ದೊಡ್ಡ ಸಮಿತಿಗಳಲ್ಲಿ ಇಲ್ಲ.

ಇಲ್ಲ ಅನ್ನುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಊರಿನ ದೊಡ್ಡವರೊಬ್ಬರು ಭಜನಾ ಮಂಡಳಿಗೆ ಮೈಕ್ ಸೆಟ್ ಬೇಕು ಅಂತ ಅರ್ಜಿ ಹಾಕಿ, ಆಮೇಲೆ ನನಗೂ ಫೋನ್ ಮಾಡಿದರು. ಮಕ್ಕಳನ್ನೇ ಕೇಳಿ ಅಂದೆ. ಮಕ್ಕಳು ಕೈಬರಹದಲ್ಲಿ ಪತ್ರ ಬರೆದು, ಇಬ್ಬರು ಅವರ ಮನೆಗೇ ಹೋಗಿ ಕೊಟ್ಟು ಬಂದರು. 'ನಿಮ್ಮಲ್ಲಿ ಈಗಾಗಲೇ ಒಂದು ಮೈಕ್ ಇದೆ, ಸಣ್ಣ ರಿಪೇರಿ ಇದೆ ಅಂತ ತಿಳಿಯಿತು. ರಿಪೇರಿಗೆ 600 ರೂಪಾಯಿ ಆಗುತ್ತದಂತೆ, ವಿಚಾರಿಸಿದ್ದೇವೆ' ಅಂತ ಅದರಲ್ಲಿತ್ತು. ಅವರು ಮೊದಲು ಮುಖ ಗಂಟಿಕ್ಕಿಕೊಂಡರಂತೆ, ಆಮೇಲೆ ಮಕ್ಕಳಿಗೆ ಮಂಡಕ್ಕಿ ಕೊಟ್ಟು ಕಳಿಸಿದರಂತೆ. ಕಾರಣ ಇಲ್ಲದ 'ಇಲ್ಲ'ವನ್ನು ನಾವು ಯಾರಿಗೂ ಕಳಿಸುವುದಿಲ್ಲ.

ಕೊಟ್ಟ ಮೇಲೆ ಬಿಲ್ಲು ಬೇಕು. ಕೆಲವು ತಿಂಗಳು ಬಿಟ್ಟು ಮತ್ತೆ ಹೋಗಿ ನೋಡಬೇಕು. ಕೆಲವು ಕಡೆ ಸಂತೋಷವಾಗುತ್ತದೆ, ಕೆಲವು ಕಡೆ ಇಲ್ಲ. ಒಂದು ಯುವಕ ಸಂಘಕ್ಕೆ ಕೊಟ್ಟ ಕೇರಂ ಬೋರ್ಡು ಯಾರದೋ ಮನೆಯ ಅಟ್ಟ ಸೇರಿತ್ತು. ಇನ್ನು ಅವರಿಗೆ ಕೊಡಲೇಬಾರದು ಅಂತ ಅರ್ಧ ಜನ, ಬೀಗದ ಕೈ ಇಟ್ಟುಕೊಂಡವನದು ತಪ್ಪು, ಉಳಿದವರಿಗೆ ಯಾಕೆ ಶಿಕ್ಷೆ ಅಂತ ಇನ್ನರ್ಧ ಜನ. ಇದು ಇನ್ನೂ ಇತ್ಯರ್ಥವಾಗಿಲ್ಲ.

ಮಾಡಬೇಕು ಅನ್ನುವವರಿಗೆ ಒಂದೆರಡು ಮಾತು. ಕೊಡುವುದಕ್ಕೆಂದೇ ಮೀಸಲಾದ ವಾರ, ದಾನ ಉತ್ಸವ, ದೇಶದಲ್ಲಿ ನಡೆಯುವುದು ಅಕ್ಟೋಬರ್ 2ರಿಂದ 8ರವರೆಗೆ. 2009ರಲ್ಲಿ ಶುರುವಾದದ್ದು, ಒಳ್ಳೆಯದೇ. ಆದರೆ ನಮ್ಮಲ್ಲಿ ಹೆಚ್ಚಾಗಿ ಅದು ದಸರಾ ರಜೆಯ ಸಮಯ, ಮಕ್ಕಳು ಸಿಗುವುದಿಲ್ಲ. ನಾವು ರಜೆ ಮುಗಿದ ಮೇಲೆ ಅರ್ಜಿ ಕರೆದು ಸಂಕ್ರಾಂತಿ ಒಳಗೆ ಮುಗಿಸುತ್ತೇವೆ. ದುಡ್ಡು ಕೊಡುವ ಹಳೆ ವಿದ್ಯಾರ್ಥಿಗಳು ತೆರಿಗೆ ವಿನಾಯಿತಿ ಕೇಳುತ್ತಾರೆ. ನಿಮ್ಮ ಸಂಸ್ಥೆಗೆ ಆ ವಿನಾಯಿತಿಯ ನೋಂದಣಿ ಇದ್ದರೂ 2 ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟದ್ದಕ್ಕೆ ವಿನಾಯಿತಿ ಸಿಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಮೊತ್ತ ಚಿಕ್ಕದಾಗಿರಲಿ. ಲಕ್ಷ ಇಟ್ಟರೆ ದೊಡ್ಡವರು ನುಗ್ಗುತ್ತಾರೆ.

ಈ ವರ್ಷದ ಮಕ್ಕಳದು ಹೊಸ ತಕರಾರು. ಅರ್ಜಿ ಹಾಕಿದವರನ್ನೆಲ್ಲ ನಾವು ಪ್ರಶ್ನೆ ಕೇಳುತ್ತೇವೆ, ದುಡ್ಡು ಕೊಡುವ ಹಳೆ ವಿದ್ಯಾರ್ಥಿಗಳನ್ನು ಯಾಕೆ ಕೇಳಬಾರದು ಅಂತ. 25 ಸಾವಿರವೇ ಯಾಕೆ, ಸಂಘದ ಖಾತೆಯಲ್ಲಿ ಒಟ್ಟು ಎಷ್ಟಿದೆ, ಉಳಿದದ್ದು ಯಾವುದಕ್ಕೆ ಖರ್ಚಾಗುತ್ತದೆ ಅಂತ ಪಟ್ಟಿ ಮಾಡಿ ನನ್ನ ಕೈಗೆ ಕೊಟ್ಟಿದ್ದಾರೆ. ಮುಂದಿನ ಭಾನುವಾರ ಸಂಘದ ಪದಾಧಿಕಾರಿಗಳು ಬಂದು ಉತ್ತರ ಕೊಡಲು ಒಪ್ಪಿದ್ದಾರೆ. ಇಬ್ಬರು ಮಾತ್ರ ಅವತ್ತು ಊರಲ್ಲಿರಲ್ಲ ಅಂದಿದ್ದಾರೆ.